ನೀರು ಎಲ್ಲಿಂದ ಬರ್ತದ್ರೀ?

ಶಿವರಾತ್ರಿ ಇನ್ನೂ ಮುಂದಿತ್ತೋ, ಆಗಲೇ ಮುಗಿದಿತ್ತೋ, ಸರಿಯಾಗಿ ನೆನಪಿಲ್ಲ. ನಸುಕಿನಲ್ಲಿ ಶಾಲು ಬೇಕು, ಹತ್ತು ಗಂಟೆಗೆ ಅದೇ ಶಾಲು ಹೆಗಲಿಗೆ ಭಾರ, ಅಂಥ ದಿನಗಳು ಅನ್ನುವುದು ಮಾತ್ರ ಖರೆ. ವಿಜಯಪುರದ ಒಂದು ಹಳೇ ಸಾಲಿಯ ಕೋಣೆಯಲ್ಲಿ ಪ್ರವಾಸ ಬರವಣಿಗೆಯ ಶಿಬಿರ ಅಂತ ಕರೆದಿದ್ದರು. ಶನಿವಾರ, ರವಿವಾರ, ಎರಡೇ ದಿನ. ಊಟ-ಚಾ ಅವರದು, ವಹಿ-ಪೆನ್ನು ನಮ್ಮದು. ಪ್ರವಾಸ ಅಂದರೆ ದೂರದ್ದೇನಲ್ಲ. ಮುಂಜಾನೆ ಹೋಗಿ ಹೊತ್ತು ಮುಳುಗುವುದರೊಳಗೆ ತಿರುಗಿ ಬರುವಂಥ ಊರುಗಳು. ಮೊದಲ ದಿನ ತೊರವಿ, ತಿಕೋಟಾ. ಮರುದಿನ ಬಬಲೇಶ್ವರದ ಕಡೆ. ನಮಗೆ ಅಂತ ಗೊತ್ತು ಮಾಡಿದ್ದ ಕ್ರೂಸರ್ ಗಾಡಿಯ ಡ್ರೈವರ್ ಇದನ್ನು ಕೇಳಿ ಮೊದಲೇ ನಕ್ಕಿದ್ದ. "ಇದು ನಾ ದಿನಾ ಹೊಡಿಯೂ ಹಾದಿ ರೀ. ಇದರಾಗ ಬರಿಯೂದು ಏನೈತಿ?"

ಶಿಬಿರ ನಡೆಸಿದ ಮಾಸ್ತರರು ಧಾರವಾಡ ಕಡೆಯವರು. ಆಳು ಸಣ್ಣ, ದನಿ ದೊಡ್ಡದು. ಬಗಲಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಯಾವಾಗಲೂ ಒಂದು ಸ್ಟೀಲ್ ಲೋಟ. ಯಾವ ಊರಿಗೆ ಹೋದರೂ ಚಾ ತಮ್ಮ ಲೋಟದಲ್ಲೇ. ಕಾಗದದ ಕಪ್ಪಿನಲ್ಲಿ ಕುಡಿದರೆ ಎಲ್ಲ ಊರಿನ ಚಾನೂ ಒಂದೇ ಆಗುತ್ತದೆ ಅನ್ನುವುದು ಅವರ ವಾದ. ಅದೇನೇ ಇರಲಿ, ಆ ದೊಡ್ಡ ಲೋಟ ಮುಂದೆ ಹಿಡಿದಾಗ ಅಂಗಡಿಯವನಿಗೆ ಅಂದಾಜು ತಪ್ಪಿ, ಅವರಿಗೆ ದಿನಾ ಅರ್ಧ ಕಪ್ ಹೆಚ್ಚೇ ಸಿಗುತ್ತಿತ್ತು. ಅದನ್ನು ಅವರು ಬಲ್ಲರು ಅಂತ ನನಗೆ ಗುಮಾನಿ.

ಮೊದಲ ತಾಸಿನಲ್ಲಿ ಅವರು ಮಾಡಿದ್ದು ಎರಡು ಕೆಲಸ. ಹಲಗೆಯ ಮೇಲೆ ಒಂದಿಷ್ಟು ಶಬ್ದ ಬರೆದರು: ರಮಣೀಯ, ನಯನಮನೋಹರ, ಗತವೈಭವ, ಮೂಕಸಾಕ್ಷಿ, ಕೈಬೀಸಿ ಕರೆಯುವ. ಇನ್ನೂ ಇದ್ದವು, ಮರೆತೆ. "ಇವನ್ನ ಬರದ್ರ, ಬರೀ ಅಂದ್ರೂ ಸೈ, ಶಬ್ದಕ್ಕ ಹತ್ತು ರೂಪಾಯಿ ದಂಡ. ರೊಕ್ಕ ಭಜಿ ಫಂಡಿಗೆ." ಎರಡನೆಯದು, ಒಂದು ಪ್ರಶ್ನೆ ಕೊಟ್ಟರು. ಯಾವ ಊರಿಗೆ ಹೋದರೂ, ಯಾರೇ ಸಿಕ್ಕರೂ, ಮೊದಲು ಅದನ್ನೇ ಕೇಳಬೇಕು. "ಇಲ್ಲಿ ನೀರು ಎಲ್ಲಿಂದ ಬರ್ತದ್ರೀ?" ಅಷ್ಟೇ. ಇತಿಹಾಸ ಕೇಳಬೇಡಿ, ವಿಶೇಷ ಏನು ಅಂತ ಕೇಳಬೇಡಿ. ವಿಶೇಷ ಕೇಳಿದರೆ ಜನ ಬೋರ್ಡಿನ ಮೇಲಿದ್ದದ್ದನ್ನೇ ಓದಿ ಹೇಳುತ್ತಾರೆ. ನೀರು ಕೇಳಿದರೆ ಮನೆಯದನ್ನು ಹೇಳುತ್ತಾರೆ.

ಶಿಬಿರಾರ್ಥಿಗಳು ನಾನಾ ನಮೂನೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅಂಕಿ ಸಿಗದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಊರ ದವಾಖಾನೆಯ ನರ್ಸ್ ಒಬ್ಬರು ಎರಡು ದಿನ ರಜೆ ಹಾಕಿ ಬಂದಿದ್ದರು, ಗಾಡಿ ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ಮೊಬೈಲಿನಲ್ಲಿ ವಿಡಿಯೋ ಮಾಡುವ ಒಬ್ಬ ಹುಡುಗ. ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ತಿಕೋಟಾ ಕಡೆಯ ಹುಡುಗಿ. ತನ್ನ ಊರಿಗೇ ಪ್ರವಾಸ ಅಂತ ತಿಳಿದಾಗ ಅವಳ ಮುಖ ಸಣ್ಣದಾಗಿತ್ತು. ಇನ್ನೂ ಏಳೆಂಟು ಮಂದಿ ಇದ್ದರು. ಅವರ ಮುಖ ನೆನಪಿವೆ, ಮಾತು ನೆನಪಿಲ್ಲ.

ವಿಡಿಯೋ ಹುಡುಗ ಮೊದಲೇ ಕೇಳಿದ, "ಸರ, ಗೋಳಗುಮ್ಮಟ?" 1656ರಲ್ಲಿ ಮುಗಿದ ಕಟ್ಟಡ, ಇನ್ನೊಂದು ದಿನ ತಡೆಯುತ್ತದೆ ಅಂದರು ಮಾಸ್ತರರು. ಖರೆ ಹೇಳಬೇಕೆಂದರೆ ಗುಮ್ಮಟದ ಒಳಗಿನ ಪಿಸುಮಾತಿನ ಮೊಗಸಾಲೆಗೆ ನಸುಕಿನಲ್ಲೇ ಹೋಗಬೇಕು. ಸಾಲಿ ಹುಡುಗರ ಬಸ್ಸು ಬಂದು ನಿಂತಿತೆಂದರೆ ಮುಗಿಯಿತು. ಒಂದು ಕೂಗಿಗೆ ಏಳು ಸಲ ಪ್ರತಿಧ್ವನಿ ಅಂತಾರೆ. ಅರವತ್ತು ಹುಡುಗರು ಒಮ್ಮೆಲೇ ಕೂಗಿದರೆ ಲೆಕ್ಕ ನೀವೇ ಹಾಕಿ. ನಾವು ವಿಜಯಪುರದವರು ಬೀಗರು ಬಂದರಷ್ಟೇ ಅದರ ಮೆಟ್ಟಿಲು ಹತ್ತುವವರು. ಇರಲಿ.

ಮಾಸ್ತರರು ಮೊದಲು ಕರೆದೊಯ್ದದ್ದು ತಾಜ್ ಬಾವಡಿಗೆ. ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲನದೇ ಕೆಲಸ ಇದು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ್ದು. ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲು ಇಳಿದರೆ ಎದುರಿಗೆ ಚೌಕಾಕಾರದ ದೊಡ್ಡ ನೀರು. ಸುತ್ತಲೂ ದೂರದೂರಿಂದ ಬಂದವರು ಇಳಿದುಕೊಳ್ಳಲು ಕೋಣೆಗಳು. ಆಗಿನ ಪ್ರವಾಸಿಗರು ಊರಿಗೆ ಬಂದರೆ ಮೊದಲು ಹುಡುಕುತ್ತಿದ್ದದ್ದು ನೀರನ್ನೇ ಅಂತ ಮಾಸ್ತರರು ಹೇಳಬೇಕಾಗಲಿಲ್ಲ, ಆ ಕೋಣೆಗಳೇ ಹೇಳುತ್ತಿದ್ದವು. ನರ್ಸಬಾಯಿ ಮೆಟ್ಟಿಲ ಮೇಲೆ ಕೂತು ಅದನ್ನೇ ಬರೆದುಕೊಂಡರು. ಬ್ಯಾಂಕಿನ ಹಿರಿಯರು "ಅಹಾ, ಗತವೈಭವ!" ಅಂದುಬಿಟ್ಟರು. ಫಂಡಿಗೆ ಮೊದಲ ಹತ್ತು ರೂಪಾಯಿ ಬಿತ್ತು.

ಅಲ್ಲಿಂದ ಹೊರಟು ಊರೊಳಗೆ ಅಲ್ಲಲ್ಲಿ ನಿಂತಿರುವ ಗಂಜುಗಳನ್ನು ನೋಡಿದೆವು. ಇವು ಕಲ್ಲು-ಗಾರೆಯ ಎತ್ತರದ ಚೌಕ ಗೋಪುರಗಳು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕೋಟೆಯದೇ ಒಂದು ಭಾಗ ಅಂತಲೇ ಬಹಳ ಮಂದಿಯ ತಿಳುವಳಿಕೆ. ಹಾಗಲ್ಲ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ್ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ, ಸುತ್ತ ಗಾರೆ ಹಾಕಿ, ಊರಿಗೆ ನೀರು ತಂದ. ದಾರಿಯಲ್ಲಿ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು, ಹೂಳು ಕೆಳಗೆ ಕೂಡಬೇಕು, ಅದಕ್ಕೆ ಈ ಗಂಜು. ನೀರು ಗೋಪುರದೊಳಗೆ ಮೇಲೇರಿ, ತಣ್ಣಗಾಗಿ, ಮತ್ತೆ ಇಳಿದು ಮುಂದಿನ ಓಣಿಗೆ ಹೋಗುತ್ತಿತ್ತು. ಈಗ ಒಂದು ಗಂಜಿನ ನೆರಳಿನಲ್ಲಿ ಪಂಕ್ಚರ್ ಅಂಗಡಿ ಇದೆ. ಅಲ್ಲಿದ್ದವನಿಗೆ ಹುಡುಗಿ ಆ ಪ್ರಶ್ನೆ ಕೇಳಿದಳು. ಅವನು ಟ್ಯೂಬು ಅದ್ದುವ ಬುಟ್ಟಿಯ ನೀರು ತೋರಿಸಿ, "ಇದಾ? ಮನಿಯಿಂದ ಕೊಡದಾಗ ತರ್ತೀನಿ, ಯವ್ವಾ" ಅಂದ. ಮಾಸ್ತರರು ಖುಷಿಯಾಗಿ ಅವನಿಗೂ ಒಂದು ಚಾ ಹೇಳಿದರು.

ಅಥಣಿ ರಸ್ತೆ ಹಿಡಿದೆವು. ತೊರವಿ ಬಂತು. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಅರ್ಪಿಸಿದ್ದು ಇಲ್ಲಿಯ ನರಸಿಂಹನಿಗೆ. ಊರಿನ ಹೆಸರಿನಿಂದಲೇ ಅದು ತೊರವೆ ರಾಮಾಯಣ. ಬೇಗಂ ತಲಾಬಿಗಿಂತ ಮುಂಚೆ ವಿಜಯಪುರಕ್ಕೆ ನೀರು ಬರುತ್ತಿದ್ದದ್ದು ಈ ಕಡೆಯಿಂದಲೇ: ನೆಲದೊಳಗೆ ಸುರಂಗ ಕೊರೆದು, ಗಾಳಿ-ಬೆಳಕಿಗೆ, ಹೂಳು ಎತ್ತಲಿಕ್ಕೆ ನಡುನಡುವೆ ಬಾವಿಯಂಥ ಗುಂಡಿ ಬಿಟ್ಟು, ಇಳಿಜಾರಿನಲ್ಲಿ ನೀರನ್ನು ನಡೆಸಿಕೊಂಡು ಬಂದಿದ್ದರು. ತೊರವಿಯ ಬಗಲಲ್ಲೇ ಎರಡನೆಯ ಇಬ್ರಾಹಿಂ 1599ರಲ್ಲಿ ನವರಸಪುರ ಅಂತ ಹೊಸ ಊರು ಕಟ್ಟಲು ಹೊರಟಿದ್ದ. ಹಾಡಿನ ಹುಚ್ಚಿನ ದೊರೆ ಅವನು. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಮಾಡಿ ಹೋದ. ಸಂಗೀತ ಮಹಲಿನ ದೊಡ್ಡ ಕಮಾನು ಇನ್ನೂ ನಿಂತಿದೆ. ಅದರ ಕೆಳಗೆ ಒಬ್ಬ ಕುರಿ ಕಾಯುವವ ಬುತ್ತಿ ಬಿಚ್ಚಿದ್ದ. ನಮಗೂ ರೊಟ್ಟಿ ಚಾಚಿದ. ಅವನ ಖಾರಬ್ಯಾಳಿಯ ವಾಸನೆಗೇ ನಮ್ಮ ಬಾಯಲ್ಲಿ ನೀರು ಬಂತು. ಅವನನ್ನೂ ನೀರಿನದೇ ಕೇಳಿದೆವು. "ಕುರಿಗಿ ಎಲ್ಲಿ ಸಿಗತೈತಿ ಅಲ್ಲಿ ನನಗೂ" ಅಂದ.

ಗಾಡಿಯಲ್ಲಿ ಮಾಸ್ತರರು ಅಸದ್ ಬೇಗನ ಕತೆ ತೆಗೆದರು. ಅಕ್ಬರನ ಕಡೆಯಿಂದ 1603-04ರ ಹೊತ್ತಿಗೆ ರಾಯಭಾರಿಯಾಗಿ ವಿಜಾಪುರಕ್ಕೆ ಬಂದವ. ಪೇಟೆ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಆಭರಣದ ಅಂಗಡಿ, ಅತ್ತರಿನ ಅಂಗಡಿ, ಹೆಂಡದ ಅಂಗಡಿ, ಎಲ್ಲ. ತಂಬಾಕು ಅನ್ನುವುದನ್ನು ಅವ ಮೊದಲು ಕಂಡದ್ದೂ ಇಲ್ಲೇ. ಅಂದವಾದ ಒಂದು ಕೊಳವೆ ಮಾಡಿಸಿ ತಂಬಾಕಿನ ಸಂಗಡ ಒಯ್ದು ಅಕ್ಬರನ ಮುಂದಿಟ್ಟ. ಅಕ್ಬರ ಒಂದೆರಡು ದಮ್ಮು ಎಳೆದು ನೋಡಿದ, ವೈದ್ಯರು ಬೇಡ ಅಂದರು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಅಂದ್ರ ಈ ಚಟ ಉತ್ತರಕ್ಕ ಹೋಗಿದ್ದು ನಮ್ಮೂರಿಂದ ಏನ್ರೀ?" ಅಂತ ಕೇಳಿದ. ಕೇಳಿ, ತನ್ನ ತಂಬಾಕಿನ ಚೀಟನ್ನು ಕಿಸೆಯಲ್ಲಿ ಇನ್ನಷ್ಟು ಒಳಗೆ ತಳ್ಳಿಕೊಂಡ. ಅವನು ಹಾದಿಯುದ್ದ ಮಾತಿನ ಮನುಷ್ಯ. ಒಂದು ಕಡೆ ಮಾತ್ರ ಸುಮ್ಮನಾದ. ಬಿಜ್ಜರಗಿಗೆ ಹೋಗುವ ಹಾದಿಯ ಫಲಕ ಬಂದಾಗ ಹುಡುಗಿ, "ಸಿದ್ಧೇಶ್ವರ ಅಪ್ಪಗೋಳ ಊರು" ಅಂದಳು. ಕಿಸೆಯಿಲ್ಲದ ಬಿಳಿ ಅಂಗಿಯ ಆ ಸ್ವಾಮಿಗಳು 2018ರಲ್ಲಿ ಪದ್ಮಶ್ರೀ ಬೇಡ ಅಂದದ್ದು ಎಲ್ಲರಿಗೂ ಗೊತ್ತು. 2023ರ ಜನವರಿಯಲ್ಲಿ ಅವರು ಹೋದಾಗ ಜ್ಞಾನಯೋಗಾಶ್ರಮದ ಕಡೆ ನಡೆದ ಜನಸಾಗರದಲ್ಲಿ ನಮ್ಮ ಗಾಡಿಯೂ ಇತ್ತಂತೆ. ಅವತ್ತು ಅವನು ಯಾರ ಹತ್ತಿರವೂ ಬಾಡಿಗೆ ಇಸಿದುಕೊಳ್ಳಲಿಲ್ಲ. ಇದನ್ನು ಅವನು ಹೇಳಲಿಲ್ಲ, ಮುಂದೆ ಯಾರೋ ಹೇಳಿದರು.

ತಿಕೋಟಾ ಹತ್ತಿರಾದಂತೆ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಜೊತೆಗೆ ಉದ್ದುದ್ದನ್ನ ಶೆಡ್ಡುಗಳು. ಹುಡುಗಿ ನಮ್ಮನ್ನು ತನ್ನ ಸೋದರಮಾವನ ತೋಟಕ್ಕೆ ಕರೆದೊಯ್ದಳು. ಮೊದಲು ಕಾಲಿಗೆ ಚರಿಗೆ ನೀರು, ಆಮೇಲೆ ಕುಡಿಯಲು ನೀರು ಮತ್ತು ಬೆಲ್ಲದ ಚೂರು. ಕುಡಿದ ಮೇಲೆಯೇ ಮಾತು.

ಶೆಡ್ಡಿನೊಳಗಿನ ಕೆಲಸವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಕೊಯ್ದು ತಂದ ಗೊನೆಗಳನ್ನು ಪ್ಲಾಸ್ಟಿಕ್ ಕ್ರೇಟಿನ ಸಮೇತ ಒಂದು ಔಷಧದ ನೀರಿನಲ್ಲಿ ಅದ್ದುತ್ತಾರೆ: ಪೊಟ್ಯಾಸಿಯಂ ಕಾರ್ಬೊನೇಟು, ಜತೆಗೆ ಡಿಪ್ಪಿಂಗ್ ಆಯಿಲ್. ಹಣ್ಣಿನ ಮೈ ಮೇಲೆ ಹುಟ್ಟಿನಿಂದ ಬಂದ ತೆಳು ಮೇಣ ಇರುತ್ತದಲ್ಲ, ಅದು ಬಿಟ್ಟು ಒಳಗಿನ ನೀರು ಬೇಗ ಹೊರಬೀಳಲಿ ಅಂತ. ಆಮೇಲೆ ಮಂಚದ ಮೇಲೆ ಮಂಚ ಇಟ್ಟಂತೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಮೇಲೆ ನೆರಳು, ಬದಿಗೆಲ್ಲ ಬಯಲು. ಬಿಸಿಲಲ್ಲ, ಗಾಳಿ ಒಣಗಿಸುತ್ತದೆ. ನಮ್ಮ ಕಡೆಯ ಆ ಒಣ ಗಾಳಿಯನ್ನು ನಾವು ಬೈಯುತ್ತಲೇ ಬೆಳೆದವರು, ತುಟಿ ಒಡೆಯಿತು, ಕಣ್ಣಲ್ಲಿ ಧೂಳು ಬಿತ್ತು ಅಂತ. ಮಣೂಕದ, ಅಂದರೆ ಒಣದ್ರಾಕ್ಷಿಯ, ಇಡೀ ವ್ಯಾಪಾರ ನಿಂತದ್ದೇ ಅದರ ಮೇಲೆ. ಹದಿನೈದು ದಿನದ ಹತ್ತಿರ ಹತ್ತಿರ ಬಲೆ ಅಲುಗಿಸಿದರೆ ಮಣೂಕ ಉದುರುತ್ತವೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಅಂತ ಸುಮಾರು ಲೆಕ್ಕ. ಬ್ಯಾಂಕಿನವರು ಇದನ್ನು ಮೂರು ಸಲ ಕೇಳಿ ಬರೆದುಕೊಂಡರು. ನಡುವೆ ಒಂದು ಅಡ್ಡ ಮಳೆ ಬಂದರೆ ಬಲೆಯ ಮೇಲಿನ ಮಾಲು ಕಪ್ಪಾಗಿ ದರ ಇಳಿಯುತ್ತದೆ. ಇಡೀ ವರುಷ ಮಳೆಗಾಗಿ ಆಕಾಶ ನೋಡುವ ಮಂದಿ, ಆ ಎರಡು ತಿಂಗಳು ಮಾತ್ರ ಮೋಡ ಕಂಡರೆ ಬೆವರುತ್ತಾರೆ.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಮಡಿಕಿಕಾಳ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಕ್ಕರಕಿ, ಹಸಿ ಉಳ್ಳಾಗಡ್ಡಿ. ಮಾಸ್ತರರು ಎಣಿಸದೆ ತಿಂದರು. ಬಡಿಸುತ್ತ ನಿಂತದ್ದು ಮನೆಯ ಹಿರಿಯಳು, ಹುಡುಗಿಯ ಆಯಿ. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಮಾತು ಕತ್ತರಿ. ಅವಳನ್ನೂ ಕೇಳಿದೆವು, ನೀರು ಎಲ್ಲಿಂದ?

"ನಾ ನಡ್ಯಾಕ ಬಂದಾಗ ಬಾವಿ ಇತ್ತು. ಬಾವಿ ಒಣಗಿ ಬೋರು ಬಂತು. ಬೋರು ಒಣಗಿ ಟ್ಯಾಂಕರ್ ಬಂತು. ಬಳ್ಳಿ ಅಂದ್ರ ಜ್ವಾಳ ಅಲ್ಲ ತಮ್ಮಾ, ಈ ವರ್ಸ ಬಿಟ್ಟು ಮುಂದಿನ ವರ್ಸ ಬಿತ್ತೂಣು ಅನ್ನಾಕ. ಒಮ್ಮಿ ಒಣಗಿದ್ರ ಹ್ವಾದಂಗ. ಮಗ ರಾತ್ರಿ ರಾತ್ರಿ ಟ್ಯಾಂಕರಿನ ಹಿಂದ ತಿರಗ್ಯಾನ. ಈಗ ಹೊಂಡ ತೋಡಿ ಪ್ಲಾಸ್ಟಿಕ್ ಹಾಸ್ಯಾರ, ಕೃಷ್ಣಿ ನೀರು ಕೆರಿಗಿ ಬಂದೈತಿ. ತುಬಚಿಯಿಂದ." ತುಬಚಿ-ಬಬಲೇಶ್ವರ ಏತ ನೀರಾವರಿಯ ಮಾತು ಅದು. ಜಮಖಂಡಿ ಕಡೆಯ ಹೊಳೆಯಿಂದ ನೀರು ಎತ್ತಿ ಈ ಎತ್ತರದ ನೆಲದ ಕೆರೆಗಳಿಗೆ ಬಿಡುವ ಯೋಜನೆ. ಅತ್ತೆಯ ಕಾಲ, ತನ್ನ ಕಾಲ, ಮಗನ ಕಾಲ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಆಯಿ, ಬ್ಯಾಂಕಿನವರ ಗಂಗಾಳಕ್ಕೆ ಮತ್ತೊಂದು ರೊಟ್ಟಿ ಹಾಕಿ ತಾನೇ ಕೇಳಿದಳು: "ಅಲ್ರೀ ಸಾಹೇಬ್ರ, ನಿಮ್ಮ ವಿಜಾಪುರದಾಗ ನಳ ಎಷ್ಟ ದಿನಕ್ಕೊಮ್ಮಿ ಬರ್ತೈತಿ? ಆ ನೀರು ಎಲ್ಲಿದು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಂಕಿಯ ಮನುಷ್ಯರು ನಮ್ಮ ಮಾನ ಉಳಿಸಿದರು. "ಕೊಲ್ಹಾರದಿಂದ ಬರ್ತದ್ರಿ. ಅದೂ ಕೃಷ್ಣಿನ." "ಹಂಗಾರ ಅಲ್ಲೀ ನೀರು ಕುಡದು ಇಲ್ಲೀ ನೀರು ಕೇಳಾಕ ಬಂದೀರಿ, ಎರಡೂ ಒಂದೇ ಹೊಳಿದು" ಅಂತ ಆಯಿ ನಕ್ಕಳು. ಹುಡುಗಿ ಆ ಹೊತ್ತಿಗೆ ವಹಿಯಲ್ಲಿ ಬಡಬಡ ಬರೆಯುತ್ತಿದ್ದಳು. ಮುಂಜಾನೆಯ ಸಣ್ಣ ಮುಖ ಎಲ್ಲಿ ಹೋಗಿತ್ತೋ.

ಮರುದಿನ ಬಬಲೇಶ್ವರದ ಹಾದಿ. ಈ ಹಾದಿಗೆ ಡೋಣಿ ಹೊಳೆ ಅಡ್ಡ ಬರುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಕಾಳು ಅಂತ ನಮ್ಮ ಕಡೆಯ ಗಾದೆ. ಎರಡೂ ದಂಡೆಗೆ ಕಣ್ಣು ಮುಟ್ಟುವಷ್ಟು ದೂರ ಕರಿ ಎರೆ ಮಣ್ಣು, ಅದರ ಮೇಲೆ ಕಟಾವಿಗೆ ಬಂದ ಬಿಳಿಜೋಳ. ಸೀತನಿಯ ಹೊತ್ತು ಮುಗಿದು ತೆನೆ ಗಟ್ಟಿಯಾಗಿತ್ತು, ಇಲ್ಲದಿದ್ದರೆ ಮಾಸ್ತರರನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಗುತ್ತಿತ್ತು. ಸೇತುವೆಯ ಹತ್ತಿರ ಒಬ್ಬ ಹೆಣ್ಣುಮಗಳು ಕೊಡ ಹೊತ್ತು ಹೊಳೆಗೆ ಬೆನ್ನು ಹಾಕಿ ಊರ ಕಡೆಗೇ ನಡೆದಿದ್ದಳು. ನರ್ಸಬಾಯಿ ಗಾಡಿ ನಿಲ್ಲಿಸಿ ಕೇಳಿದರು. "ಹೊಳಿ ಐತ್ರಿ ಅಕ್ಕಾರ, ಆದ್ರ ನೀರು ಉಪ್ಪು. ದನಾನೂ ಒಲ್ಲೆ ಅಂತಾವ." ಜೋಳ ಕೊಡುವ ಹೊಳೆ, ಕುಡಿಯಲು ನೀರು ಕೊಡುವುದಿಲ್ಲ. ನರ್ಸಬಾಯಿ ಅವಳ ಜತೆ ಸ್ವಲ್ಪ ದೂರ ನಡೆದೇ ಹೋದರು. ಏನು ಮಾತಾಡಿಕೊಂಡರೋ, ನಾವು ಗಾಡಿಯಲ್ಲಿ ಕಾದೆವು. ಆ ಮೇಲೆ ಅವರು ಆ ದಿನವಿಡೀ ನಿದ್ದೆ ಮಾಡಲಿಲ್ಲ.

ಬಬಲೇಶ್ವರದಲ್ಲಿ ಬೃಹನ್ಮಠಕ್ಕೆ ಕೈಮುಗಿದು, ಒಂದು ಹೋಟೆಲಿನಲ್ಲಿ ಚುರುಮರಿ ಸೂಸಲಾ, ಮಿರ್ಚಿ ತಿಂದೆವು. ಮಿರ್ಚಿ ಎಷ್ಟು ಖಾರವೆಂದರೆ ವಿಡಿಯೋ ಹುಡುಗ ಕ್ಯಾಮೆರಾ ಬಂದ್ ಮಾಡಿ ನೀರಿನ ಜಗ್ಗು ಎತ್ತಿದ. ಹೋಟೆಲಿನವನು ತಾನಾಗಿಯೇ "ಕುಡೀರಿ, ಫಿಲ್ಟರ್ ನೀರೈತಿ, ಕ್ಯಾನಿಂದು" ಅಂದ. ಹುಡುಗ ಕಣ್ಣು ಒರೆಸಿಕೊಳ್ಳುತ್ತಲೇ ಬರೆದುಕೊಂಡ, ಕ್ಯಾನು. ಅದೂ ಒಂದು ಉತ್ತರವೇ.

ಅಲ್ಲಿಂದ ಮಮದಾಪುರ. 1633ರಲ್ಲಿ ಮಹಮ್ಮದ್ ಆದಿಲ್ ಶಾಹ್ ಕಟ್ಟಿಸಿದ ಕೆರೆ. ಊರಿನ ಹೆಸರೂ ಅವನದೇ. ಗೋಳಗುಮ್ಮಟದಲ್ಲಿ ಮಲಗಿದ್ದಾನಲ್ಲ, ಅವನೇ. ಏರಿಯ ಮೇಲೆ ನಿಂತರೆ ಆ ಬಿಸಿಲಲ್ಲೂ ತಂಪು ಗಾಳಿ. ನೀರ ಬದಿಗೆ ಬೆಳ್ಳಕ್ಕಿಗಳು, ಎಮ್ಮೆಗಳು, ಬಟ್ಟೆ ಒಗೆಯುವವರು. ಗುಮ್ಮಟಕ್ಕೆ ಅವನು ಎಷ್ಟು ವರ್ಷ ಖರ್ಚು ಮಾಡಿದನೋ, ಅದು ಅವನೊಬ್ಬನ ಮನೆತನಕ್ಕಾಯಿತು. ಈ ಕೆರೆ ಎಮ್ಮೆಗೂ ಆಯಿತು. ಹೀಗಂತ ನಾನು ಜೋರಾಗಿ ಹೇಳಿದೆ. ಮಾಸ್ತರರು ದಂಡ ಕೇಳಲಿಲ್ಲ, ಆದರೆ "ಬರಿವಾಗ ಎಮ್ಮಿ ಇಟ್ಟು ಉಳದದ್ದು ತಗೀರಿ" ಅಂದರು. ಏರಿಯ ಮೇಲೆ ಕೂತಿದ್ದ ಮುದುಕ ಒಬ್ಬ ಕೆರೆಯ ಲೆಕ್ಕ ಕೊಟ್ಟ. ಮೊದಲು ಮಳೆ ನೀರೊಂದೇ. ತುಂಬಿದ ವರ್ಷ ಬೀಗರನ್ನು ಕರೆದು ತೋರಿಸುತ್ತಿದ್ದರಂತೆ. ಬತ್ತಿದ ವರ್ಷ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರಂತೆ. ಈಗ ಹೊಳೆಯ ನೀರು ಪೈಪಿನಲ್ಲಿ ಬರುತ್ತದೆ. "ಮೊದಲ ಮುಗಿಲು ನೋಡತಿದ್ವಿ. ಈಗ ಆಪೀಸು ನೋಡತೀವಿ" ಅಂದ.

ಹಿಂದಿರುಗುವಾಗ ಸುತ್ತು ಹಾಕಿ ಕಾಖಂಡಕಿಗೆ ಹೋದದ್ದು ಮಾಸ್ತರರ ಹಟಕ್ಕೆ. ಆದಿಲ್ ಶಾಹಿ ದರಬಾರಿನ ಅಧಿಕಾರ ಬಿಟ್ಟು ಹರಿದಾಸರಾದ ಮಹಿಪತಿದಾಸರ ಊರು ಅದು. ಕಾರಹುಣ್ಣಿಮೆಯ ಕರಿ ನೋಡಲು ಈ ಊರಿಗೆ ಜನ ಮುಗಿಬೀಳುತ್ತಾರೆ, ಎತ್ತಿನ ಮುಂದೆ ಓಡಿ ಏಟು ತಿಂದವರು ಅದನ್ನೇ ವರ್ಷವಿಡೀ ಹೇಳಿಕೊಳ್ಳುತ್ತಾರೆ. ನಾವು ಹೋದಾಗ ಊರು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಕೇಳೋಣವೆಂದರೆ ಎಚ್ಚರಿದ್ದವರು ಯಾರೂ ಸಿಗಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ಒಂದಿಷ್ಟು ಬರೆದೆವು.

ಸಂಜೆ ಸಾಲಿಯ ಕೋಣೆಯಲ್ಲಿ ಓದು. ವಿಡಿಯೋ ಹುಡುಗ ಕ್ಯಾನಿನ ನೀರಿನ ಬಗ್ಗೆ ಅರ್ಧ ಪುಟ ಬರೆದಿದ್ದ, ಚಲೋ ಇತ್ತು, ಮುಕ್ತಾಯ ಮಾತ್ರ ಇರಲಿಲ್ಲ. ಬ್ಯಾಂಕಿನವರ ಬರಹದಲ್ಲಿ ಅಂಕಿಗಳೇ ನಡೆದಾಡುತ್ತಿದ್ದವು. ಆದರೆ ನಡುವೆ ಒಂದು ಕಡೆ, ಆಯಿ ಬಡಿಸಿದ ರೊಟ್ಟಿಯ ಲೆಕ್ಕ ತಪ್ಪಿತು ಅಂತ ಒಂದು ಸಾಲು ಬರೆದಿದ್ದರು. ಆ ಸಾಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದೆವು. ನರ್ಸಬಾಯಿ ಓದಿದ್ದು ಡೋಣಿಯ ಹೆಣ್ಣುಮಗಳ ಕೊಡದ ಬಗ್ಗೆ. ಕೊಡ ಯಾವ ಟೊಂಕಕ್ಕೆ, ಎಷ್ಟು ಸಲ, ಬಸುರಿಯಾಗಿದ್ದಾಗ ಯಾರು ಹೊತ್ತರು, ಎಲ್ಲ ಅದರಲ್ಲಿತ್ತು. ನರ್ಸಬಾಯಿ ಅಷ್ಟು ದೂರ ನಡೆದು ಕೇಳಿದ್ದು ಇದನ್ನೇ. ನಮ್ಮಲ್ಲಿ ಉಳಿದ ಯಾರಿಗೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಒಂದೇ ಪ್ರಶ್ನೆ ಎಲ್ಲರಿಗೂ ಕೊಟ್ಟಿದ್ದರೂ, ಅದರ ಹಿಂದಿನ ಎರಡನೆಯ ಪ್ರಶ್ನೆ ಅವರವರ ಬಾಳಿನಿಂದಲೇ ಬರಬೇಕು ಅಂತ ನನಗೆ ಅವತ್ತು ತಿಳಿಯಿತು. ತಿಕೋಟಾದ ಹುಡುಗಿ ಕೊನೆಗೆ ಓದಿದಳು. ತನ್ನ ಊರಿನ ಬಗ್ಗೆ ಅಲ್ಲ, ತನ್ನೂರಿಗೆ ನೀರು ಕೇಳಲು ಬಂದ ನಮ್ಮ ಬಗ್ಗೆ. ನಾವು ಕ್ರೂಸರಿನಿಂದ ಹೇಗೆ ಇಳಿದೆವು, ಹೊಂಡದ ಪ್ಲಾಸ್ಟಿಕ್ಕಿನ ಮೇಲೆ ಹೇಗೆ ಜಾರಿದೆವು, ಮಾಸ್ತರರು ಎಷ್ಟು ಮೊಸರು ಹಾಕಿಸಿಕೊಂಡರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಮಾಸ್ತರರು ಮಾತ್ರ ಗಂಭೀರವಾಗಿ, "ಪ್ರವಾಸ ಕಥನ ಅಂದ್ರ ಇದು" ಅಂದರು.

ಬಾಡಿಗೆ ತೀರಿಸುವ ಹೊತ್ತಿಗೆ ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ಕಾಖಂಡಕಿಯ ಸುತ್ತು ಮೊದಲು ಮಾತಾಡಿದ ಲೆಕ್ಕದಲ್ಲಿರಲಿಲ್ಲ. ಅವನು ನೇರ ಕೇಳಲಿಲ್ಲ. "ಸರ, ಎರಡ ದಿನ ಕಂಡಕಂಡವರನ್ನೆಲ್ಲ ನೀರು ಎಲ್ಲಿಂದ ಬರ್ತೈತಿ ಅಂತ ಕೇಳಿದ್ರಿ. ಡೀಸೆಲ್ ಎಲ್ಲಿಂದ ಬರ್ತೈತಿ ಅಂತ ಒಬ್ಬರರ ಕೇಳಿದ್ರೇನು?"

ಮಾಸ್ತರರು ಒಂದು ಗಳಿಗೆ ಅವನನ್ನೇ ನೋಡಿ, ಚೀಲದಿಂದ ದಂಡದ ರೊಕ್ಕ ತೆಗೆದು ಎಲ್ಲವನ್ನೂ ಅವನ ಕೈಯಲ್ಲಿಟ್ಟರು. ಭಜಿ ಫಂಡು ಡೀಸೆಲಿಗೆ ಹೋಯಿತು. ಭಜಿಯನ್ನು ನಾವು ನಮ್ಮ ನಮ್ಮ ರೊಕ್ಕದಲ್ಲೇ ತಿಂದೆವು, ಡ್ರೈವರನಿಗೂ ಒಂದು ಪ್ಲೇಟು ಕೊಡಿಸಿ.